ಹಳಿ ಕದಲಿಲ್ಲ, ಜಿಲ್ಲೆ ಬದಲಾಯಿತು: ವಿಕಿಪೀಡಿಯದಲ್ಲಿ ನಮ್ಮ ಭಾಗದ ರೈಲು ನಿಲ್ದಾಣಗಳು

ಹೊಸಪೇಟೆ ರೈಲು ನಿಲ್ದಾಣ 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ವಿಜಯನಗರ ಜಿಲ್ಲೆಗೆ ಸೇರಿತು. ಕೊಪ್ಪಳ ನಿಲ್ದಾಣ 1997ರವರೆಗೆ ರಾಯಚೂರು ಜಿಲ್ಲೆಯದು. ವಿಕಿಪೀಡಿಯದಲ್ಲಿ ನಿಲ್ದಾಣಗಳ ಪುಟ ಬರೆಯುವ ಸ್ವಯಂಸೇವಕರಿಗೆ ಈ ಭಾಗದಲ್ಲಿ ಎದುರಾಗುವ ಮೊದಲ ತೊಡಕೇ ಇದು. ಹಳೆಯ ಆಧಾರ ಒಂದು ಹೇಳುತ್ತದೆ, ಹೊಸದು ಇನ್ನೊಂದು ಹೇಳುತ್ತದೆ. ತಮ್ಮ ತಮ್ಮ ಕಾಲಕ್ಕೆ ಎರಡೂ ಸರಿ.

ತೊಡಕಿನ ಬೇರು ಹಳೆಯದು. ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಮದ್ರಾಸಿನಿಂದ ಬಂದ ಮದ್ರಾಸ್ ರೈಲ್ವೆ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಆಗ ರಾಯಚೂರು ನಿಜಾಮರ ಸೀಮೆ, ಬಳ್ಳಾರಿ ಮದ್ರಾಸ್ ಪ್ರಾಂತ್ಯ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದದ್ದು 1953ರಲ್ಲಿ, ರಾಯಚೂರು 1956ರಲ್ಲಿ. ರೈಲ್ವೆ ತನ್ನ ಗಡಿಗಳನ್ನು ಬೇರೆಯೇ ಲೆಕ್ಕದಲ್ಲಿ ಎಳೆಯಿತು. 1951ರಲ್ಲಿ ದಕ್ಷಿಣ ರೈಲ್ವೆ ಎಂಬ ವಲಯ ಆಯಿತು; ವಲಯದೊಳಗೆ ವಿಭಾಗಗಳು. ಅದರ ಹುಬ್ಬಳ್ಳಿ ವಿಭಾಗ 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆಗೂ 2003ರ ಏಪ್ರಿಲ್‌ನಲ್ಲಿ ನೈಋತ್ಯ ರೈಲ್ವೆಗೂ ಹೋಯಿತು. ಗುಂತಕಲ್ ವಿಭಾಗ ದಕ್ಷಿಣ ಮಧ್ಯ ರೈಲ್ವೆಗೆ ಸೇರಿದ್ದು 1977ರಲ್ಲಿ. ಹೀಗಾಗಿ ಬಳ್ಳಾರಿ, ಕೊಪ್ಪಳ ಹುಬ್ಬಳ್ಳಿ ವಿಭಾಗದವು, ರಾಯಚೂರು ಗುಂತಕಲ್ ವಿಭಾಗದ್ದು. ಆ ಗುಂತಕಲ್ ವಿಭಾಗವನ್ನೂ ಹೊಸ ದಕ್ಷಿಣ ಕರಾವಳಿ ವಲಯಕ್ಕೆ ಸೇರಿಸುವ ಘೋಷಣೆ 2019ರಲ್ಲಿ ಬಂತು.

ಕನ್ನಡ ವಿಕಿಪೀಡಿಯ ಶುರುವಾದದ್ದೂ 2003ರಲ್ಲೇ, ಜೂನ್‌ನಲ್ಲಿ. ಮೊದಮೊದಲು ನಿಲ್ದಾಣದ ಜಿಲ್ಲೆ, ವಲಯ, ವಿಭಾಗ ಎಲ್ಲವನ್ನೂ ಪುಟದ ಪಠ್ಯದಲ್ಲೇ ಬರೆಯಬೇಕಿತ್ತು. ಬದಲಾವಣೆ ಆದಾಗ ಪ್ರತಿ ಭಾಷೆಯ ಪುಟವನ್ನೂ ಬೇರೆಬೇರೆ ತಿದ್ದಬೇಕು, ಎಲ್ಲೋ ಒಂದು ಕಡೆ ಹಳೆಯದು ಉಳಿದೇ ಉಳಿಯುತ್ತಿತ್ತು. 2012ರಲ್ಲಿ ಎಲ್ಲ ಭಾಷೆಯ ವಿಕಿಪೀಡಿಯಗಳೂ ಬಳಸಬಹುದಾದ ಮಾಹಿತಿ ಭಂಡಾರ ವಿಕಿಡೇಟಾ ಬಂದ ಮೇಲೆ ದಾರಿ ಸುಗಮವಾಗಿದೆ. ಅಲ್ಲಿ ಹೊಸಪೇಟೆ ನಿಲ್ದಾಣಕ್ಕೆ ಜಿಲ್ಲೆ ತುಂಬುವಾಗ ‘ಬಳ್ಳಾರಿ’ಯನ್ನು ಅಳಿಸಬಾರದು, ಅದಕ್ಕೆ ಮುಕ್ತಾಯದ ದಿನಾಂಕ ಕೊಟ್ಟು, ‘ವಿಜಯನಗರ’ವನ್ನು ಆರಂಭದ ದಿನಾಂಕದೊಂದಿಗೆ ಕೆಳಗೆ ಸೇರಿಸಿ, ಹೊಸದಕ್ಕೆ ಆದ್ಯತೆಯ ಗುರುತು ಹಾಕಬೇಕು. ಅಳಿಸಿದರೆ ಚರಿತ್ರೆ ಹೋಯಿತು, ದಿನಾಂಕ ಬಿಟ್ಟರೆ ಮುಂದಿನವರು ಯಾವುದು ಸರಿ ಎಂದು ಮತ್ತೆ ಜಗಳಕ್ಕೆ ಕೂರುತ್ತಾರೆ.

ಹೆಸರಿನ ವಿಷಯ ಇನ್ನೂ ಸೂಕ್ಷ್ಮ. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾದಾಗ ‘ಬೆಲ್ಲಾರಿ’ ಹೋಗಿ ‘ಬಳ್ಳಾರಿ’ ಬಂತು. ಕನ್ನಡದಲ್ಲಿ ಅದು ಎಂದೂ ಬಳ್ಳಾರಿಯೇ, ಆದ್ದರಿಂದ ಕನ್ನಡ ಪುಟದ ಶೀರ್ಷಿಕೆಗೆ ಕೆಲಸವಿರಲಿಲ್ಲ. ಆದರೆ ನಿಲ್ದಾಣದ ಸಂಕೇತ ಇಂದಿಗೂ ಬಿ.ಎ.ವೈ. ಕೊಪ್ಪಳದ್ದು ಕೆ.ಬಿ.ಎಲ್.; ಇಂಗ್ಲಿಷರು ‘ಕೊಪ್ಬಲ್’ ಎಂದು ಬರೆಯುತ್ತಿದ್ದದ್ದಕ್ಕೆ ಅದು ಸರಿಹೊಂದುತ್ತದೆ. ಹಳೆಯ ಗೆಜೆಟಿಯರ್, ವೇಳಾಪಟ್ಟಿಗಳಲ್ಲಿ ಹುಡುಕುವವರು ಆ ಹಳೆಯ ಬರಹದಲ್ಲೂ ಹುಡುಕಬೇಕು, ಇಲ್ಲದಿದ್ದರೆ ಆಧಾರವೇ ಇಲ್ಲ ಅನ್ನಿಸಿಬಿಡುತ್ತದೆ.

ದಿನಾಂಕದಲ್ಲಿ ಪದೇ ಪದೇ ಆಗುವ ತಪ್ಪು ಗೇಜಿನದು, ಅಂದರೆ ಎರಡು ಹಳಿಗಳ ನಡುವಿನ ಅಂತರದ್ದು. ಹುಬ್ಬಳ್ಳಿ–ಗುಂತಕಲ್ ಮಾರ್ಗ ಇಪ್ಪತ್ತನೇ ಶತಮಾನದಲ್ಲಿ 1,000 ಮಿಲಿಮೀಟರಿನ ಮೀಟರ್ ಗೇಜಿನಿಂದ 1,676 ಮಿಲಿಮೀಟರಿನ ಬ್ರಾಡ್ ಗೇಜಿಗೆ ಬದಲಾಯಿತು. ‘ಹತ್ತೊಂಬತ್ತನೇ ಶತಮಾನದ ಬ್ರಾಡ್ ಗೇಜ್ ಮಾರ್ಗ’ ಎಂದು ಬರೆದರೆ ಎರಡು ಕಾಲ ಒಂದರಲ್ಲಿ ಬೆರೆತುಹೋಗುತ್ತವೆ. ಮಾರ್ಗ ತೆರೆದದ್ದು, ಗೇಜ್ ಬದಲಾದದ್ದು, ವಿದ್ಯುದೀಕರಣ ಆದದ್ದು: ಮೂರಕ್ಕೂ ಬೇರೆ ಸಾಲು, ಬೇರೆ ಆಧಾರ ಇರಬೇಕು.

ಸ್ಥಳ ಗುರುತಿಸುವಾಗ ಅಕ್ಷಾಂಶ, ರೇಖಾಂಶದ ಡಿಗ್ರಿ-ಮಿನಿಟನ್ನು ದಶಮಾಂಶ ಎಂದು ತಿಳಿಯುವುದು ಬಹಳ ಸಾಮಾನ್ಯ. 15 ಡಿಗ್ರಿ 9 ಮಿನಿಟು ಅಂದರೆ 15.15, 15.09 ಅಲ್ಲ. 15.09 ಎಂದು ಬರೆದರೆ ನಕಾಶೆಯಲ್ಲಿ ನಿಲ್ದಾಣ ಆರೂವರೆ ಕಿಲೋಮೀಟರಿಗೂ ಹೆಚ್ಚು ದಕ್ಷಿಣಕ್ಕೆ, ಯಾವುದೋ ಹೊಲದಲ್ಲಿ ಹೋಗಿ ಕೂರುತ್ತದೆ. ದಶಮಾಂಶದ ನಂತರ ನಾಲ್ಕು ಅಂಕಿ ಸಾಕು, ಅದು ಸುಮಾರು 11 ಮೀಟರಿನ ನಿಖರತೆ. ಲೆಕ್ಕ ಮಾಡುವ ಟೆಂಪ್ಲೇಟಿನೊಳಗೆ (ಪುಟದಲ್ಲಿ ತುಂಬುವ ಸಿದ್ಧ ನಮೂನೆ) ಕನ್ನಡ ಅಂಕಿ ಹಾಕಬೇಡಿ. ಓದುಗರಿಗೆ ೧೫ ಅರ್ಥವಾಗುತ್ತದೆ, ಟೆಂಪ್ಲೇಟಿಗೆ ಆಗುವುದಿಲ್ಲ. ಪುಟದಲ್ಲಿ ಕೆಂಪಕ್ಷರದ ದೋಷ ಬರುತ್ತದೆ.

ಮಾರ್ಗದ ನಕ್ಷೆ ಬರೆಯುವುದು ಈ ಕೆಲಸದ ಅತ್ಯಂತ ಖುಷಿಯ ಭಾಗ, ಹಾಗೆಯೇ ಹೆಚ್ಚು ಎಡವುವ ಭಾಗ. ಅದನ್ನು ಚಿಹ್ನೆಗಳ ಹೆಸರನ್ನು ಕೋಡ್ ಆಗಿ ಬರೆದು ಕಟ್ಟಬೇಕು, ಆ ಹೆಸರುಗಳು ಜರ್ಮನ್ ಭಾಷೆಯವು: ‘ಬಿ.ಎಚ್.ಎಫ್.’ ಅಂದರೆ ಬಾನ್‌ಹೋಫ್, ನಿಲ್ದಾಣ, ‘ಎಸ್.ಟಿ.ಆರ್.’ ಅಂದರೆ ಬರೀ ಹಳಿ, ‘ಎಚ್.ಎಸ್.ಟಿ.’ ಚಿಕ್ಕ ನಿಲುಗಡೆ. ಒಂದು ಸಾಲಿಗೆ ಒಂದು ಚಿಹ್ನೆ, ಅದರ ಪಕ್ಕ ಹೆಸರು. ಬಳ್ಳಾರಿಯಿಂದ ಕೆಳಕ್ಕೆ ತೋರಣಗಲ್ಲು, ಹೊಸಪೇಟೆ, ತುಂಗಭದ್ರೆಯ ಸೇತುವೆ, ಮುನಿರಾಬಾದ್, ಗಿಣಿಗೇರಾ, ಕೊಪ್ಪಳ ಎಂದು ಇಳಿಸಿದರೆ ಗಿಣಿಗೇರಾದಲ್ಲಿ ಗಂಗಾವತಿ ಕಡೆಯ ಕವಲು ಬರುತ್ತದೆ. ಪಶ್ಚಿಮಕ್ಕೆ ಹೋಗುವ ಪ್ರಯಾಣಿಕನಿಗೆ ಅದು ಬಲಗಡೆ. ಆದರೆ ನಕ್ಷೆಯಲ್ಲಿ ಪ್ರಯಾಣ ಮೇಲಿನಿಂದ ಕೆಳಕ್ಕೆ. ಆಗ ಅವನ ಬಲಗೈ ಪುಟದ ಎಡಗಡೆ ಇರುತ್ತದೆ. ಕವಲನ್ನು ಎಡಕ್ಕೆ ಎಳೆಯಬೇಕು. ಕಾಗದದ ಮೇಲೆ ಒಮ್ಮೆ ಗೀಚಿಕೊಂಡು ಆಮೇಲೆ ಕೋಡ್ ಬರೆದರೆ ಈ ತಪ್ಪು ಆಗುವುದಿಲ್ಲ.

ಬಸ್ಸಿನ ಕಥೆ ಬೇರೆ. ಈಶಾನ್ಯ ಸಾರಿಗೆ ನಿಗಮ 2000ದಲ್ಲಿ ಹುಟ್ಟಿ 2021ರಲ್ಲಿ ಕಲ್ಯಾಣ ಕರ್ನಾಟಕ ನಿಗಮವಾಯಿತು. ನಿಗಮದ ಬಗ್ಗೆ ಪುಟ ಬರೆಯಬಹುದು, ಸಿಟಿ ಬಸ್ ನಂಬರುಗಳ ಪಟ್ಟಿಗೆ ವಿಶ್ವಕೋಶ ಜಾಗವಲ್ಲ. ಅವು ಬೇಗ ಬದಲಾಗುತ್ತವೆ, ಸ್ವತಂತ್ರ ಆಧಾರ ಸಿಗುವುದಿಲ್ಲ. ನಿಲುಗಡೆಗಳನ್ನು ಎಲ್ಲರೂ ತಿದ್ದಬಹುದಾದ ಮುಕ್ತ ನಕಾಶೆ ಓಪನ್‌ಸ್ಟ್ರೀಟ್‌ಮ್ಯಾಪಿಗೆ ಸೇರಿಸುವುದು ಮೇಲು.

ಫೋಟೊಗೆ ಹಳದಿ ಬೋರ್ಡನ್ನು ನೇರ ಎದುರು ನಿಂತು, ಮೂರೂ ಲಿಪಿ ಮತ್ತು ಕೆಳಗಿನ ಸಮುದ್ರಮಟ್ಟದ ಎತ್ತರ ಕಾಣುವಂತೆ ತೆಗೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಪ್ರತಿಯನ್ನು ವಿಕಿಪೀಡಿಯದ ಚಿತ್ರ ಭಂಡಾರವಾದ ಕಾಮನ್ಸ್‌ಗೆ ಹಾಕಬೇಡಿ, ಅದರಲ್ಲಿ ತೆಗೆದ ದಿನಾಂಕ, ಸ್ಥಳ ಅಳಿಸಿಹೋಗಿರುತ್ತವೆ. ಗಿಣಿಗೇರಾ–ರಾಯಚೂರು ಮಾರ್ಗದಲ್ಲಿ ರೈಲು ಸಿಂಧನೂರು ಮುಟ್ಟಿದ್ದು 2024ರಲ್ಲಿ, ಗದಗ–ವಾಡಿ ಮಾರ್ಗದಲ್ಲಿ ಕುಷ್ಟಗಿ ಮುಟ್ಟಿದ್ದು 2025ರಲ್ಲಿ. ಇಂಥ ಕಡೆ ಗೋಡೆ ಏಳುವಾಗಲೇ, ಜಲ್ಲಿ ಹಾಸುವಾಗಲೇ, ರಸ್ತೆಯಲ್ಲಿ ನಿಂತು ಒಂದೆರಡು ಚಿತ್ರ ತೆಗೆದಿಡಿ. ಉದ್ಘಾಟನೆಯ ಫೋಟೊ ಹತ್ತು ಜನರ ಬಳಿ ಸಿಗುತ್ತದೆ, ಅದಕ್ಕೂ ಮೊದಲಿನದು ಯಾರ ಹತ್ತಿರವೂ ಇರುವುದಿಲ್ಲ.