ಹೆಲ್ಸಿಂಕಿ–ಟೋಕಿಯೊ: ದೂರ ಅಷ್ಟೇ ಇದೆ, ಗಂಟೆ ಮಾತ್ರ ಜಾಸ್ತಿ ಆಯ್ತು

ಫಿನ್ಲೆಂಡಿನ ಹೆಲ್ಸಿಂಕಿಯಿಂದ ಜಪಾನಿನ ಟೋಕಿಯೊಗೆ ಸುಮಾರು 7,800 ಕಿಲೋಮೀಟರ್. ಗ್ಲೋಬಿನ ಮೇಲೆ ಈ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಹಿಡಿದರೆ ಸಿಗುವ ಅಳತೆ ಇದು. ಗಂಟೆಗೆ 900 ಕಿ.ಮೀ. ಆಸುಪಾಸಿನ ವೇಗದಲ್ಲಿ ಹಾರುವ ಜೆಟ್‌ಗೆ ಒಂಬತ್ತೂವರೆ ಗಂಟೆ ಸಾಕು. 2022ರ ಫೆಬ್ರುವರಿವರೆಗೆ ಅಷ್ಟೇ ಹಿಡಿಯುತ್ತಿತ್ತು. ಆಮೇಲೆ ಅದು ಸುಮಾರು 13 ಗಂಟೆ ಆಯಿತು. ಊರುಗಳೇನೂ ದೂರ ಸರಿದಿಲ್ಲ, ಅಲ್ವಾ?

ಆ ದಾರದ ಬಹುಪಾಲು ಹಾದುಹೋಗುವುದು ರಷ್ಯಾದ ಮೇಲೆ. ತಕರಾರು ಇರುವುದೇ ಅಲ್ಲಿ, ಅದೂ ಇಂದು ನಿನ್ನೆಯದಲ್ಲ.

ಶೀತಲ ಸಮರದ ಕಾಲದಲ್ಲಿ ಸೋವಿಯತ್ ಒಕ್ಕೂಟ ತನ್ನ ಆಕಾಶದ ಬಾಗಿಲು ಹಾಕಿಕೊಂಡಿತ್ತು. ಯುರೋಪಿನಿಂದ ಟೋಕಿಯೊಗೆ ಹೋಗುವವರು ದಕ್ಷಿಣ ಏಷ್ಯಾದ ಕಡೆಯಿಂದ ಸುತ್ತಿಕೊಂಡು, ಅಲ್ಲಲ್ಲಿ ಇಳಿದು ಹೋಗಬೇಕಿತ್ತು. 1957ರ ಫೆಬ್ರುವರಿಯಲ್ಲಿ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ಬೇರೆ ದಾರಿ ಹಿಡಿಯಿತು. ಕೋಪನ್‌ಹೇಗನ್‌ನಿಂದ ಉತ್ತರ ಧ್ರುವದ ಕಡೆಗೆ ಹಾರಿ, ಅಲಾಸ್ಕಾದ ಆಂಕರೇಜ್‌ನಲ್ಲಿ ಇಂಧನ ತುಂಬಿಸಿಕೊಂಡು ಟೋಕಿಯೊಗೆ. ಧ್ರುವದ ಹತ್ತಿರ ದಿಕ್ಸೂಚಿಯನ್ನು ನಂಬುವ ಹಾಗಿಲ್ಲ. ಹಾಗಾಗಿ ದಿಕ್ಕು ಕಂಡುಕೊಳ್ಳಲು, ವೇಗವಾಗಿ ತಿರುಗುವ ಚಕ್ರದ ನೆರವಿನಿಂದ ದಿಕ್ಕು ಹಿಡಿದಿಡುವ ಬೇರೆಯೇ ಗೈರೋ ಸಾಧನ ಬೇಕಾಯಿತು. ಈ ದಾರಿ ಹತ್ತಾರು ಗಂಟೆ ಉಳಿಸಿತು. ಆಂಕರೇಜ್ ಹಲವು ದಶಕ ಯುರೋಪ್–ಜಪಾನ್ ವಿಮಾನಗಳ ತಂಗುದಾಣವಾಯಿತು.

1983ರಲ್ಲಿ ಫಿನ್ಲೆಂಡಿನ ವಿಮಾನ ಸಂಸ್ಥೆ ಫಿನ್‌ಏರ್ ತನ್ನ ಡಿಸಿ-10 ವಿಮಾನವನ್ನು ಹೆಲ್ಸಿಂಕಿಯಿಂದ ಟೋಕಿಯೊಗೆ ಎಲ್ಲೂ ಇಳಿಸದೆ ಒಯ್ಯತೊಡಗಿತು. ದಾರಿ ಅದೇ, ಧ್ರುವದ ಕಡೆಯಿಂದ. ಹಿಡಿದದ್ದು ಸುಮಾರು 13 ಗಂಟೆ! ಸುತ್ತು ಜಾಸ್ತಿಯಾದರೂ ಅಪಾಯ ಕಡಿಮೆ ಅನ್ನಬೇಕು. ಅದೇ ವರ್ಷದ ಸೆಪ್ಟೆಂಬರ್ 1ರಂದು, ಆಂಕರೇಜ್‌ನಿಂದ ಸೋಲ್‌ಗೆ ಹೊರಟಿದ್ದ ಕೊರಿಯನ್ ಏರ್ ಲೈನ್ಸ್ ವಿಮಾನ ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋಯಿತು. ಸೋವಿಯತ್ ಯುದ್ಧವಿಮಾನ ಅದನ್ನು ಹೊಡೆದುರುಳಿಸಿತು. ಅದರಲ್ಲಿದ್ದ 269 ಜನರೂ ಸತ್ತರು.

ಸೋವಿಯತ್ ಒಕ್ಕೂಟ ಒಡೆದ ಮೇಲೆ ಸೈಬೀರಿಯಾದ ದಾರಿ ಸಲೀಸಾಯಿತು. ಸುಮ್ನೆ ಅಲ್ಲ, ಶುಲ್ಕ ಕೊಟ್ಟು. ಹೆಲ್ಸಿಂಕಿಗೆ ಇದರಿಂದ ಲಾಭವೋ ಲಾಭ. ಏಷ್ಯಾಕ್ಕೆ ಹತ್ತಿರದ ದಾರಿ ನಮ್ಮಲ್ಲಿದೆ ಅಂತಲೇ ಫಿನ್‌ಏರ್ ತನ್ನ ವ್ಯಾಪಾರ ಕಟ್ಟಿತು. ಉಕ್ರೇನ್ ಯುದ್ಧ ಶುರುವಾದಾಗ ಯುರೋಪ್ ತನ್ನ ಆಕಾಶವನ್ನು ರಷ್ಯಾಕ್ಕೆ ಮುಚ್ಚಿತು, ರಷ್ಯಾ ತಿರುಗಿ ಮುಚ್ಚಿತು. ಫಿನ್‌ಏರ್ ಮತ್ತೆ ಧ್ರುವದ ದಾರಿ ಹಿಡಿಯಬೇಕಾಯಿತು. ಚೀನಾದ ವಿಮಾನಗಳಿಗೆ ಈ ತಡೆ ಇಲ್ಲ. ಹಾಗಾಗಿ ಯುರೋಪಿಗೆ ಅವು ಈಗಲೂ ನೇರವಾಗಿ, ಬೇಗ ಬರುತ್ತವೆ. ಪೈಪೋಟಿಯಲ್ಲಿ ಇದು ಸಣ್ಣ ವಿಷಯವಲ್ಲ.

ಇದರಲ್ಲೊಂದು ತಮಾಷೆಯೂ ಇದೆ. ಯುರೋಪಿನಿಂದ ಮಧ್ಯ ಏಷ್ಯಾದ ಮೇಲೆ ಪೂರ್ವಕ್ಕೆ ಹೋದ ಕೆಲವು ವಿಮಾನಗಳು, ಟೋಕಿಯೊದಿಂದ ವಾಪಸ್ ಬರುವಾಗಲೂ ಪೂರ್ವಕ್ಕೇ ಹೊರಡುತ್ತವೆ. ಪೆಸಿಫಿಕ್ ಸಾಗರ, ಅಲಾಸ್ಕಾ, ಗ್ರೀನ್‌ಲ್ಯಾಂಡ್ ದಾಟಿ ಯುರೋಪ್ ಸೇರುತ್ತವೆ. ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಜೋರು ಗಾಳಿಗೆ ಎದುರಾಗಿ ಹೋಗುವುದಕ್ಕಿಂತ ಅದೇ ಅಗ್ಗ. ಹೋಗಿ ಬಂದ ಪ್ರಯಾಣಿಕರು ಭೂಮಿಗೆ ಒಂದು ಸುತ್ತು ಹಾಕಿರುತ್ತಾರೆ.