ಒಲಿಂಪಿಕ್ ಹಡಗನ್ನು ನಡೆಸಿದವರು, ಒಡೆದವರು

1911ರ ಜೂನ್ 14ರಂದು ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಹೊರಟ ಒಲಿಂಪಿಕ್ ಆಗ ಜಗತ್ತಿನ ಅತಿ ದೊಡ್ಡ ಹಡಗು. ಹತ್ತು ತಿಂಗಳಲ್ಲಿ ಅದರ ಸೋದರಿ ಹಡಗು ಮುಳುಗಿತು. ಅಂದಿನಿಂದ ಒಲಿಂಪಿಕ್‌ಗೆ ಉಳಿದ ಗುರುತು ‘ಟೈಟಾನಿಕ್‌ನ ಅಕ್ಕ’ ಎಂಬುದೊಂದೇ. 24 ವರ್ಷ ದುಡಿದ ಹಡಗಿಗೆ ಇದು ಅನ್ಯಾಯ. ಅದರ ಬಾಳನ್ನು ಕ್ಯಾಪ್ಟನ್‌ಗಳ, ಕೋಟ್ಯಧಿಪತಿ ಪ್ರಯಾಣಿಕರ ಕಥೆಯಾಗಿ ಹೇಳುವುದೂ ಅಷ್ಟೇ ಅನ್ಯಾಯ. ಬಾಯ್ಲರ್ ಕೋಣೆಯ ಕಾರ್ಮಿಕರು, ಮೂರನೇ ದರ್ಜೆಯ ವಲಸಿಗರು, ಕೊನೆಗೆ ಅದನ್ನು ಒಡೆದ ನಿರುದ್ಯೋಗಿಗಳು ಇಲ್ಲದೆ ಈ ಚರಿತ್ರೆ ಅರ್ಥವಾಗುವುದಿಲ್ಲ.

ಕುನಾರ್ಡ್ ಕಂಪನಿಯ ಲೂಸಿಟಾನಿಯಾ ಮತ್ತು ಮಾರಿಟೇನಿಯಾ 1907ರಲ್ಲಿ ವೇಗದ ದಾಖಲೆಗಳನ್ನೆಲ್ಲ ಮುರಿದಾಗ ವೈಟ್ ಸ್ಟಾರ್ ಕಂಪನಿ ವೇಗದಲ್ಲಿ ಸ್ಪರ್ಧಿಸುವ ಗೋಜಿಗೆ ಹೋಗಲಿಲ್ಲ. ಗಾತ್ರ ಮತ್ತು ಸುಖಸೌಕರ್ಯವನ್ನು ನೆಚ್ಚಿಕೊಂಡು ಬೆಲ್‌ಫಾಸ್ಟ್‌ನ ಹಾರ್ಲಂಡ್ ಅಂಡ್ ವುಲ್ಫ್ ಕಾರ್ಖಾನೆಯಲ್ಲಿ ಮೂರು ಹಡಗುಗಳನ್ನು ಕಟ್ಟಿಸಿತು. ಮೊದಲನೆಯದು ಒಲಿಂಪಿಕ್: ಸುಮಾರು 883 ಅಡಿ ಉದ್ದ, 45,000 ಟನ್‌ಗೂ ಮಿಕ್ಕ ಗಾತ್ರ, 29 ಬಾಯ್ಲರ್‌ಗಳು. ಅವುಗಳ 159 ಕುಲುಮೆಗಳಿಗೆ ಹಗಲೂ ರಾತ್ರಿ ಸಲಿಕೆಯಿಂದಲೇ ಕಲ್ಲಿದ್ದಲು ತುಂಬಬೇಕಿತ್ತು.

ಮೊದಲ ವರ್ಷದ ಸೆಪ್ಟೆಂಬರ್‌ನಲ್ಲೇ ವೈಟ್ ದ್ವೀಪದ ಬಳಿ ಹಾಕ್ ಎಂಬ ಯುದ್ಧನೌಕೆ ಅದಕ್ಕೆ ಡಿಕ್ಕಿ ಹೊಡೆಯಿತು. ಒಡಲಲ್ಲಿ ತೂತು ಬಿದ್ದು ಎರಡು ವಿಭಾಗಗಳಿಗೆ ನೀರು ನುಗ್ಗಿದರೂ ಒಲಿಂಪಿಕ್ ತನ್ನದೇ ಶಕ್ತಿಯಿಂದ ಬಂದರಿಗೆ ಮರಳಿತು. ಅದರ ದುರಸ್ತಿಗೆ ಕೆಲಸಗಾರರನ್ನು ಎಳೆದುಕೊಂಡಿದ್ದರಿಂದ ಟೈಟಾನಿಕ್‌ನ ಮೊದಲ ಯಾನ 1912ರ ಮಾರ್ಚ್ 20ರಿಂದ ಏಪ್ರಿಲ್ 10ಕ್ಕೆ ಮುಂದೆ ಹೋಯಿತು.

ಟೈಟಾನಿಕ್‌ನಂತೆ ಇದರಲ್ಲೂ ಇದ್ದದ್ದು 20 ಜೀವರಕ್ಷಕ ದೋಣಿಗಳು. ಇದು ಕಾನೂನಿನ ಉಲ್ಲಂಘನೆಯೇನಲ್ಲ. 1894ರಲ್ಲಿ ರೂಪುಗೊಂಡ ಬ್ರಿಟಿಷ್ ನಿಯಮ ಎಷ್ಟೇ ದೊಡ್ಡ ಹಡಗಾದರೂ 10,000 ಟನ್‌ನ ಆಚೆಗೆ ಲೆಕ್ಕ ಹಾಕುತ್ತಲೇ ಇರಲಿಲ್ಲ. 16 ದೋಣಿಗಳಿದ್ದರೆ ಸಾಕಿತ್ತು. ಟೈಟಾನಿಕ್ ಮುಳುಗಿದ ಮೇಲೆ ಕಂಪನಿ ಗಾಬರಿಯಿಂದ ಸೈನಿಕ ಸಾಗಣೆ ಹಡಗುಗಳ 40 ಹಳೆಯ ಮಡಚುವ ದೋಣಿಗಳನ್ನು ತಂದು ಒಲಿಂಪಿಕ್‌ಗೆ ಏರಿಸಿತು. ಏಪ್ರಿಲ್ 24ರಂದು ಹಡಗು ಹೊರಡುವ ಹೊತ್ತಿಗೆ ಬಾಯ್ಲರ್ ಕೋಣೆಯ 284 ಮಂದಿ ಕೆಳಗಿಳಿದರು. ಹಲವು ದೋಣಿಗಳು ಕೊಳೆತಿವೆ, ಮರದ ದೋಣಿಗಳನ್ನು ಕೊಡಿ ಎಂಬುದು ಅವರ ಬೇಡಿಕೆ. ಸರ್ಕಾರಿ ತಪಾಸಣೆ ಆಗಿದೆ, ಬೇರೆ ದೋಣಿ ಕೊಡಲಾಗದು ಎಂಬುದು ಕಂಪನಿಯ ಉತ್ತರ. ಮರುದಿನ ಕಾರ್ಮಿಕ ಸಂಘದವರ ಎದುರಿನಲ್ಲಿ ನಾಲ್ಕು ದೋಣಿಗಳನ್ನು ನೀರಿಗಿಳಿಸಿ ನೋಡಿದಾಗ ಒಂದು ಬಳಕೆಗೆ ಯೋಗ್ಯವಿರಲಿಲ್ಲ. ಸಂಘಕ್ಕೆ ಸೇರದ ಬದಲಿ ಆಳುಗಳೊಂದಿಗೆ ಹೊರಡುವುದನ್ನು ವಿರೋಧಿಸಿ 54 ನಾವಿಕರೂ ಹಡಗು ಬಿಟ್ಟರು. ಅವರ ಮೇಲೆ ದಂಗೆಯ ಆರೋಪ ಬಿತ್ತು. ಆರೋಪ ಸಾಬೀತಾಗಿದೆ ಎಂದ ನ್ಯಾಯಾಲಯ ಸಂದರ್ಭವನ್ನು ಪರಿಗಣಿಸಿ ಶಿಕ್ಷೆ ಕೊಡಲಿಲ್ಲ. ಸಮುದ್ರ ಸುರಕ್ಷತೆಯ ಶ್ರೇಯಸ್ಸನ್ನು ವಿಚಾರಣಾ ಆಯೋಗಗಳಿಗಷ್ಟೇ ಕೊಡುವ ರೂಢಿಯಿದೆ. ಈ ಕಾರ್ಮಿಕರಿಗೂ ಅದರಲ್ಲಿ ಪಾಲು ಸಲ್ಲಬೇಕು. ಅದೇ ಅಕ್ಟೋಬರ್‌ನಲ್ಲಿ ಒಲಿಂಪಿಕ್ ಬೆಲ್‌ಫಾಸ್ಟ್‌ಗೆ ಮರಳಿತು. 1913ರ ವಸಂತದಲ್ಲಿ ಹೊರಬಂದಾಗ ಅದಕ್ಕೆ ಒಳಗೋಡೆಯ ಜೋಡಿ ಒಡಲು, ನೀರು ಒಂದು ವಿಭಾಗದಿಂದ ಇನ್ನೊಂದಕ್ಕೆ ಹರಡದಂತೆ ಎತ್ತರಿಸಿದ ತಡೆಗೋಡೆಗಳು, ಮೊದಲಿನ 20ಕ್ಕಿಂತ ಬಹಳ ಹೆಚ್ಚು ದೋಣಿಗಳು ಬಂದಿದ್ದವು.

ಮೊದಲ ಮಹಾಯುದ್ಧದಲ್ಲಿ ಅದು ಸುಮಾರು ಎರಡು ಲಕ್ಷ ಜನರನ್ನು ಸಾಗಿಸಿ ‘ಓಲ್ಡ್ ರಿಲಯಬಲ್’ ಎಂಬ ಹೆಸರು ಗಳಿಸಿತು. 1918ರ ಮೇ 12ರಂದು ಅಮೆರಿಕದ ಸೈನಿಕರನ್ನು ಫ್ರಾನ್ಸಿಗೆ ಒಯ್ಯುತ್ತಿದ್ದಾಗ ಎದುರಾದ ಯು-103 ಎಂಬ ಜರ್ಮನ್ ಜಲಾಂತರ್ಗಾಮಿಯ ಮೇಲೆ ಕ್ಯಾಪ್ಟನ್ ಬರ್ಟ್ರಮ್ ಹೇಯ್ಸ್ ಹಡಗನ್ನೇ ನುಗ್ಗಿಸಿ ಅದನ್ನು ಮುಗಿಸಿದರು.

ಯುದ್ಧ ಮುಗಿದ ಮೇಲೆ ಬಾಯ್ಲರ್‌ಗಳು ತೈಲಕ್ಕೆ ಬದಲಾದವು. ದಿನಗಟ್ಟಲೆ ಹಿಡಿಯುತ್ತಿದ್ದ ಇಂಧನ ತುಂಬುವ ಕೆಲಸ ಕೆಲವೇ ಗಂಟೆಗಳಲ್ಲಿ ಮುಗಿಯತೊಡಗಿತು. ಕೆಳಗೆ ದುಡಿಯುತ್ತಿದ್ದ ಸುಮಾರು 350 ಮಂದಿಯ ಜಾಗದಲ್ಲಿ 60 ಮಂದಿ ಸಾಕಾದರು. ನರಕದಂಥ ಕೆಲಸ ತಪ್ಪಿತು, ಕೂಲಿಯೂ ತಪ್ಪಿತು. ಇನ್ನೊಂದು ಪೆಟ್ಟು ವಾಷಿಂಗ್ಟನ್‌ನಿಂದ ಬಂತು. 1921 ಮತ್ತು 1924ರ ಕಾನೂನುಗಳು ವಲಸಿಗರಿಗೆ ದೇಶವಾರು ಮಿತಿ ಹಾಕಿದವು. ಇಂಥ ಹಡಗುಗಳ ಗಳಿಕೆಗೆ ಆಸರೆಯಾಗಿದ್ದವರು ಅಗ್ಗದ ಟಿಕೆಟ್ ಕೊಂಡು ತುಂಬಿಕೊಳ್ಳುತ್ತಿದ್ದ ಬಡ ವಲಸಿಗರು. ಅವರ ಜಾಗಕ್ಕೆ ಪ್ರವಾಸಿಗರನ್ನು ಕರೆತರುವ ಯತ್ನ ನಡೆಯಿತಾದರೂ 1929ರ ಬಳಿಕದ ಆರ್ಥಿಕ ಕುಸಿತ ಅದನ್ನೂ ಕಸಿದುಕೊಂಡಿತು.

1934 ಕೆಟ್ಟ ವರ್ಷ. ನಷ್ಟದಲ್ಲಿದ್ದ ವೈಟ್ ಸ್ಟಾರ್, ಸರ್ಕಾರದ ಒತ್ತಾಯದಿಂದ ಹಳೆಯ ಎದುರಾಳಿ ಕುನಾರ್ಡ್ ಜೊತೆ ವಿಲೀನವಾಯಿತು. ಮೇ 15ರಂದು ದಟ್ಟ ಮಂಜಿನಲ್ಲಿ, ಹಡಗುಗಳಿಗೆ ದಾರಿ ತೋರಲು ಅಮೆರಿಕದ ತೀರದಾಚೆ ಲಂಗರು ಹಾಕಿ ನಿಲ್ಲಿಸಿದ್ದ ನಾಂಟಕೆಟ್ ದೀಪನೌಕೆಯ ರೇಡಿಯೋ ಸಂಕೇತವನ್ನೇ ಹಿಡಿದು ಸಾಗುತ್ತಿದ್ದ ಒಲಿಂಪಿಕ್ ನೇರವಾಗಿ ಅದಕ್ಕೇ ಡಿಕ್ಕಿ ಹೊಡೆಯಿತು. ದೀಪನೌಕೆಯ 11 ಮಂದಿಯಲ್ಲಿ 7 ಮಂದಿ ಸತ್ತರು. ಮುಂದಿನ ಏಪ್ರಿಲ್‌ನಲ್ಲಿ ಹಡಗಿನ ಅಟ್ಲಾಂಟಿಕ್ ಸೇವೆ ನಿಂತಿತು.

ಇಂಗ್ಲೆಂಡಿನ ಈಶಾನ್ಯದ ಜಾರೋ ಪಟ್ಟಣದಲ್ಲಿ ಪಾಮರ್ಸ್ ಹಡಗು ಕಾರ್ಖಾನೆ ಮುಚ್ಚಿ ಬಹುಪಾಲು ಗಂಡಸರು ಕೆಲಸವಿಲ್ಲದೆ ಕುಳಿತಿದ್ದರು. ಅವರಿಗೆ ಕೆಲಸ ಸಿಗಲೆಂದು ಸಂಸದ ಸರ್ ಜಾನ್ ಜಾರ್ವಿಸ್ 1,00,000 ಪೌಂಡಿಗೆ ಒಲಿಂಪಿಕ್ ಕೊಂಡು, ಅಲ್ಲಿಯೇ ಒಡೆಯಬೇಕೆಂಬ ಷರತ್ತಿನೊಂದಿಗೆ ಗುಜರಿ ಕಂಪನಿಗೆ ಮಾರಿದರು. ಹಡಗು ಕಟ್ಟಿ ಬದುಕಿದ್ದ ಊರಿಗೆ ಹಡಗು ಒಡೆಯುವ ಕೂಲಿ ಸಿಕ್ಕಿತು. ಅದೂ ಸಾಲಲಿಲ್ಲ. 1936ರ ಅಕ್ಟೋಬರ್‌ನಲ್ಲಿ ಸುಮಾರು 200 ಮಂದಿ ಕೆಲಸ ಕೇಳುತ್ತಾ ಲಂಡನ್‌ವರೆಗೆ ನಡೆದರು. ಒಲಿಂಪಿಕ್‌ನ ಒಡಲು ಇನ್ನೂ ಜಾರೋದಲ್ಲೇ ಇತ್ತು. ಮರುವರ್ಷ ಉಳಿದ ಭಾಗವನ್ನು ಸ್ಕಾಟ್ಲೆಂಡಿನ ಇನ್ವರ್ಕೀಥಿಂಗ್‌ಗೆ ಎಳೆದೊಯ್ದು ಒಡೆದು ಮುಗಿಸಿದರು. ಹರಾಜಾದ ಮರಗೆಲಸದ ಒಂದಷ್ಟು ಭಾಗ ಆನಿಕ್ ಪಟ್ಟಣದ ವೈಟ್ ಸ್ವಾನ್ ಹೋಟೆಲ್ ಸೇರಿತು.