ಕೊಟ್ಟ ಸಾಧನ ಒಂದು ವರ್ಷದ ನಂತರ ಎಲ್ಲಿದೆ?

ಕೆಲವು ವರ್ಷಗಳ ಹಿಂದೆ ಸಿರುಗುಪ್ಪದ ಕಡೆಯ ಭತ್ತದ ರೈತರೊಬ್ಬರು ನಮ್ಮ ವಿಭಾಗಕ್ಕೆ ಬಂದು, ತಮ್ಮ ಮಗಳು ಪಿಎಚ್.ಡಿ. ಮಾಡಬೇಕೆಂದಿರುವ 'ಪುನರ್ವಸತಿ ಇಂಜಿನಿಯರಿಂಗ್' ಎಂದರೆ ಡ್ಯಾಮಿನಲ್ಲಿ ಮುಳುಗಿದ ಊರಿನವರಿಗೆ ಮನೆ ಕಟ್ಟಿಸಿಕೊಡುವ ಕೆಲಸವೇ ಎಂದು ಕೇಳಿದರು. ತುಂಗಭದ್ರಾ ಜಲಾಶಯದ ಸುತ್ತಲಿನ ನಮ್ಮ ಜಿಲ್ಲೆಗಳಲ್ಲಿ ಆ ಪದ ಕೇಳಿದರೆ ಮೊದಲು ನೆನಪಾಗುವುದು ಅದೇ ಆದ್ದರಿಂದ ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಕಾಲು, ಬೆನ್ನುಹುರಿ, ದೃಷ್ಟಿ ಅಥವಾ ಶ್ರವಣ ಶಕ್ತಿ ಕಳೆದುಕೊಂಡವರು ತಮ್ಮದೇ ಮನೆ, ಹೊಲ, ಕೆಲಸಕ್ಕೆ ಮರಳುವಂತೆ ಯಂತ್ರ, ಸಾಧನ ಮತ್ತು ಜಾಗದ ರಚನೆಯನ್ನು ಹೊಂದಿಸುವ ವಿದ್ಯೆ ಇದು ಎಂದು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರ ಇದಕ್ಕ ನೌಕರಿ ಐತೇನ್ರಿ ಸರ?" ಎಂದರು. ಆ ಪ್ರಶ್ನೆಗೆ ಅಂದು ನಾನು ಕೊಟ್ಟ ಉತ್ತರ ಅರ್ಧದಷ್ಟೇ ಪ್ರಾಮಾಣಿಕವಾಗಿತ್ತು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಹೆಸರಿನ ವಿಭಾಗ ನಮ್ಮ ಭಾಗದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿಗುವುದಿಲ್ಲ. ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಬಯೋಮೆಡಿಕಲ್ ಅಥವಾ ವಿನ್ಯಾಸ ವಿಭಾಗದ ಬಾಗಿಲಿನಿಂದ ಒಳಬಂದು, ಸಂಶೋಧನೆಯ ಹಂತದಲ್ಲಿ ಇತ್ತ ಹೊರಳಬೇಕಾಗುತ್ತದೆ. ರೋಗಿಗೆ ಕೃತಕ ಕಾಲು ಅಥವಾ ಕ್ಯಾಲಿಪರ್ (ದುರ್ಬಲ ಕಾಲಿಗೆ ಕಟ್ಟುವ ಆಸರೆ) ಅಳತೆ ಮಾಡಿ ಜೋಡಿಸುವ ಕೆಲಸ ಬೇರೆಯದು. ಅದಕ್ಕೆ ಪ್ರಾಸ್ಥೆಟಿಕ್ಸ್ ಮತ್ತು ಆರ್ಥೋಟಿಕ್ಸ್ ಪದವಿ ಬೇಕು, 1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯೂ ಬೇಕು. ಇಂಜಿನಿಯರ್ ಆದವರು ಈ ಗೆರೆಯನ್ನು ಗೌರವಿಸಬೇಕು. ಗೆರೆಯಾಚೆಗಿನವರ ಜೊತೆ ಸ್ನೇಹವಿಲ್ಲದೆ ಮಾತ್ರ ಒಂದು ಹೆಜ್ಜೆಯೂ ಮುಂದೆ ಹೋಗಲಾರರು. ಐಐಟಿ ಮದ್ರಾಸಿನಲ್ಲಿ ಪುನರ್ವಸತಿ ಸಾಧನಗಳ ಸಂಶೋಧನೆಗೆಂದೇ ಇರುವ ಆರ್2ಡಿ2 ಕೇಂದ್ರ 2019ರಲ್ಲಿ ಕುಳಿತವರನ್ನು ಎಬ್ಬಿಸಿ ನಿಲ್ಲಿಸುವ ಗಾಲಿಕುರ್ಚಿ 'ಅರೈಸ್' ಅನ್ನೂ 2022ರಲ್ಲಿ 'ಕದಮ್' ಎಂಬ ಕೃತಕ ಮಂಡಿಯನ್ನೂ ಹೊರತಂದಿತು. ಐಐಟಿ ದೆಹಲಿಯಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಹುಟ್ಟಿದ 'ಸ್ಮಾರ್ಟ್‌ಕೇನ್', ಅಂದರೆ ಮೊಣಕಾಲಿಗಿಂತ ಮೇಲಿನ ಅಡೆತಡೆಯನ್ನು ಶ್ರವಣಾತೀತ ತರಂಗದಿಂದ ಗುರುತಿಸಿ ಕೈಗೆ ಕಂಪನದ ಮೂಲಕ ತಿಳಿಸುವ ಬಿಳಿ ಕೋಲಿನ ಹಿಡಿ, ಹಲವು ವರ್ಷಗಳ ನಂತರ 2014ರಲ್ಲಿ ಜನರ ಕೈ ಸೇರಿತು. ಮಾತು ಮತ್ತು ಶ್ರವಣದ ಕಡೆ ಒಲವಿರುವವರಿಗೆ 1965ರಿಂದಲೂ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಬಳ್ಳಾರಿಯಲ್ಲಿ ಕುಳಿತವರು ಈ ಹೆಸರುಗಳನ್ನು ಕಂಡು ಕುಗ್ಗುವುದುಂಟು. ಆದರೆ ಇಲ್ಲಿ ಆಗುವ ಕೆಲಸ ಅಲ್ಲಿ ಆಗಲಾರದು ಎಂಬುದು ನನಗೆ ಗೊತ್ತಾಗಿದ್ದು ಒಂದು ಹೊಲಿಗೆ ಯಂತ್ರದಿಂದ.

ನಮ್ಮೂರಿನ ಜೀನ್ಸ್ ಘಟಕವೊಂದರಲ್ಲಿ ಎರಡೂ ಕಾಲಿಗೆ ಪೋಲಿಯೊ ಆಗಿದ್ದ ಹೆಣ್ಣುಮಗಳೊಬ್ಬಳು ದಾರ ಕತ್ತರಿಸುವ ಕೆಲಸಕ್ಕಿದ್ದಳು. ಹೊಲಿಯುವವರಿಗೆ ಸಿಗುವ ಪೀಸಿನ ಲೆಕ್ಕದ ಕೂಲಿಯ ಮುಂದೆ ಆ ಕೆಲಸದ ಸಂಬಳ ಬಹಳ ಕಡಿಮೆ. ಅವಳಿಗೆ ಹೊಲಿಗೆ ಚೆನ್ನಾಗಿ ಬರುತ್ತಿತ್ತು, ಆದರೆ ಪೆಡಲ್ ಒತ್ತುವ ಶಕ್ತಿ ಕಾಲಿನಲ್ಲಿರಲಿಲ್ಲ. ಆ ಯಂತ್ರದ ಮೇಜಿನ ಕೆಳಗೆ ಕ್ಲಚ್ ಮೋಟಾರ್ ಇರುತ್ತದೆ. ಮೋಟಾರ್ ಸದಾ ತಿರುಗುತ್ತಲೇ ಇದ್ದು, ಪೆಡಲ್ ಒತ್ತಿದಷ್ಟು ಕ್ಲಚ್ ಹಿಡಿದು ಬೆಲ್ಟು ಓಡುತ್ತದೆ. ಉದ್ದನೆಯ ಹೊಲಿಗೆಗೆ ಪೂರ್ತಿ ಒತ್ತಬೇಕು, ಜೇಬಿನ ಮೂಲೆಗೆ ಬಂದಾಗ ಅರ್ಧ ಸಡಿಲಿಸಬೇಕು. ನನ್ನ ವಿದ್ಯಾರ್ಥಿಗಳು ಮೊಣಕೈಗೆ ಕಟ್ಟುವ ಸೆನ್ಸರ್, ಒಂದು ಮೈಕ್ರೊಕಂಟ್ರೋಲರ್, ಕ್ಲಚ್ಚಿನ ಸರಳನ್ನು ಎಳೆಯುವ ಒಂದು ಪುಟ್ಟ ಮೋಟಾರ್ ಸೇರಿಸಿ ಎಂಟು ತಿಂಗಳಲ್ಲಿ ಒಂದು ಮಾದರಿ ಸಿದ್ಧಪಡಿಸಿದರು. ಪ್ರಾಜೆಕ್ಟ್ ಪ್ರದರ್ಶನದಲ್ಲಿ ಅದಕ್ಕೆ ಬಹುಮಾನವೂ ಬಂತು. ಘಟಕಕ್ಕೆ ಒಯ್ದು ಜೋಡಿಸಿದ ದಿನ ಅವಳು ಹತ್ತು ನಿಮಿಷ ಹೊಲಿದು ನೋಡಿ, ಬಹಳ ಸಂಕೋಚದಿಂದಲೇ ಹೇಳಿದಳು: "ಸರ, ನಾ ನಿಲ್ಲು ಅಂದ ಮ್ಯಾಲೆ ಇದು ಮೂರು ಹೊಲಿಗಿ ಹಾಕಿ ನಿಲ್ತೈತಿ."

ಮೂರು ಹೊಲಿಗೆ ಎಂದರೆ ಜೇಬಿನ ಮೂಲೆ ಕೆಟ್ಟಿತು, ಪೀಸು ವಾಪಸ್ಸಾಯಿತು, ಆ ಪೀಸಿನ ಕೂಲಿ ಹೋಯಿತು. ನಾಲ್ಕನೆಯ ದಿನ ಬಟ್ಟೆಯ ನೀಲಿ ಧೂಳು ಸೆನ್ಸರಿನ ಸಂದಿಗೆ ತುಂಬಿ ಯಂತ್ರ ತಾನೇ ಓಡಲಾರಂಭಿಸಿತು. ಅದನ್ನು ಬಿಚ್ಚಿ ತಂದೆವು. ಆ ಬಳಿಕ ಮಾಡಿದ್ದು ತೀರ ಸರಳವಾದದ್ದು: ಮೇಜಿನ ಅಂಚಿಗೆ ಅಂಗೈಯಗಲದ ಒಂದು ಹಲಗೆ, ಅದಕ್ಕೆ ಜೀನ್ಸ್ ತುಂಡಿನ ಮೆತ್ತೆ, ಅಲ್ಲಿಂದ ಕ್ಲಚ್ಚಿನ ಸರಳಿಗೆ ಸೈಕಲ್ಲಿನ ಬ್ರೇಕ್ ಕೇಬಲ್. ಕಾಲಿನ ಬಲಕ್ಕೆ ಹೊಂದಿಸಿದ ಕ್ಲಚ್ ಮೊಣಕೈಗೆ ಭಾರವಾಗುತ್ತದೆ. ಆದ್ದರಿಂದ ಸರಳಿಗೆ ಉದ್ದನೆಯ ಪಟ್ಟಿಯೊಂದನ್ನು ವೆಲ್ಡ್ ಮಾಡಿ ಬಲ ಕಡಿಮೆ ಮಾಡಿದೆವು. ಹಾಗೆ ಮಾಡಿದಾಗ ಹಲಗೆ ಚಲಿಸಬೇಕಾದ ದೂರ ಹೆಚ್ಚಿತು, ಎರಡೂ ಕೈಯಿಂದ ಬಟ್ಟೆ ತಳ್ಳುತ್ತಲೇ ಮೊಣಕೈ ಅಷ್ಟು ದೂರ ಹೋಗದು ಎಂದು ಅವಳು ಹೇಳಿದಳು. ಬಲ ಮತ್ತು ದೂರಗಳ ನಡುವಿನ ಈ ಚೌಕಾಸಿಯಲ್ಲಿಯೇ ಎರಡು ವಾರ ಕಳೆದವು. ಪ್ರತಿ ಸಂಜೆ ಹಲಗೆಯನ್ನು ಬೆರಳಗಲ ಆಚೆ ಈಚೆ ಸರಿಸಿ, ಕೊನೆಗೆ ನಾಲ್ಕು ಬೆರಳಿನ ಓಟಕ್ಕೆ ನಿಲ್ಲಿಸಿದೆವು. ಕೇಬಲ್ ಈವರೆಗೆ ಮೂರು ಸಲ ತುಂಡಾಗಿದೆ. ಎರಡು ಸಲ ಪಕ್ಕದ ಸೈಕಲ್ ಅಂಗಡಿಯವನು ಹಾಕಿಕೊಟ್ಟ, ಮೂರನೆಯ ಸಲ ಅವಳೇ ಹಾಕಿಕೊಂಡಳು.

ಈ ಎರಡು ಮಾದರಿಗಳಲ್ಲಿ ಸಂಶೋಧನಾ ಪ್ರಬಂಧವಾಗಿ ಪ್ರಕಟವಾದದ್ದು ಮೊದಲನೆಯದು. ಅದು ಇಂದಿಗೂ ನನ್ನ ಪ್ರಕಟಣೆಗಳ ಪಟ್ಟಿಯಲ್ಲಿದೆ, ಬಡ್ತಿಯ ಅರ್ಜಿಯಲ್ಲಿ ಅದಕ್ಕೆ ಅಂಕವೂ ದೊರೆತಿದೆ. ಬ್ರೇಕ್ ಕೇಬಲ್ಲಿಗೆ ಎಲ್ಲಿಯೂ ಜಾಗ ಸಿಗಲಿಲ್ಲ, ಏಕೆಂದರೆ ಅದರಲ್ಲಿ 'ಹೊಸತನ' ಇಲ್ಲ ಎಂದು ವಿಮರ್ಶಕರು ಬರೆದರು. ಅವರ ದೃಷ್ಟಿಯಿಂದ ಅದು ಸರಿಯೇ. ಈ ಕ್ಷೇತ್ರಕ್ಕೆ ಬರುವ ತರುಣರು ಮೊದಲ ದಿನವೇ ಅರಿಯಬೇಕಾದ ಇಕ್ಕಟ್ಟು ಇದು: ವಿಶ್ವವಿದ್ಯಾಲಯ ಎಣಿಸುವುದು ಸಾಧನ ಹುಟ್ಟಿದ ದಿನವನ್ನು, ಬಳಸುವವರು ಎಣಿಸುವುದು ಅದು ಕೆಟ್ಟ ದಿನವನ್ನು.

ಕೈಬಿಟ್ಟ ಸಾಧನಗಳ ಬಗ್ಗೆ ಈ ಶಾಸ್ತ್ರಕ್ಕೆ ಬಹಳ ಹಿಂದೆಯೇ ತಿಳಿದಿತ್ತು. ಫಿಲಿಪ್ಸ್ ಮತ್ತು ಝಾವೊ 1993ರಲ್ಲಿ ಅಮೆರಿಕದ 227 ಬಳಕೆದಾರರನ್ನು ವಿಚಾರಿಸಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡ 29.3ರಷ್ಟು ಸಾಧನಗಳನ್ನು ಪೂರ್ತಿ ಕೈಬಿಡಲಾಗಿತ್ತು. ಅವರು ಗುರುತಿಸಿದ ಕಾರಣಗಳು ನಾಲ್ಕು. ಆಯ್ಕೆಯಲ್ಲಿ ಬಳಸುವವರ ಮಾತನ್ನು ಕೇಳದಿರುವುದು, ಸಾಧನದ ಕೆಲಸ ಚೆನ್ನಾಗಿರದಿರುವುದು, ಕಾಲಕ್ರಮದಲ್ಲಿ ಅಗತ್ಯ ಬದಲಾಗುವುದು ಎಂಬ ಮೂರು ಕಾರಣಗಳು ಯಾರಿಗೂ ಹೊಳೆಯುವಂಥವು. ನಾಲ್ಕನೆಯದು ಸಾಧನ ತೀರ ಸುಲಭವಾಗಿ ಕೈಸೇರಿದ್ದು. ತಾಲ್ಲೂಕು ಮೈದಾನದಲ್ಲಿ ಶಾಮಿಯಾನ ಹಾಕಿ, ಹಾರ ಹಾಕಿ, ಒಂದೇ ಅಳತೆಯ ಗಾಲಿಕುರ್ಚಿಗಳನ್ನು ಸಾಲಾಗಿ ನಿಲ್ಲಿಸಿ ನಡೆಯುವ ಸಾಧನ ಸಲಕರಣೆ ವಿತರಣೆಯನ್ನು ಕಂಡವರಿಗೆ ಆ ನಾಲ್ಕನೆಯ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಚಿತವಾಗಿ ಕೊಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಅಳತೆ ತೆಗೆಯದೆ ಕೊಡುವುದು ತಪ್ಪು.

ಹಾಗಾದರೆ ಇಲ್ಲಿಯೇ ಇದ್ದು, ಪ್ರಬಂಧವನ್ನೂ ಬರೆದು, ಬದುಕಿಗೂ ಒದಗುವ ಕೆಲಸ ಮಾಡುವ ದಾರಿ ಇದೆಯೇ ಎಂದರೆ, ಇದೆ: ಕೆಡುವುದನ್ನೇ ಸಂಶೋಧನೆಯ ವಿಷಯ ಮಾಡಿಕೊಳ್ಳಬೇಕು. ಗಾಲಿಕುರ್ಚಿಯ ಬಾಳಿಕೆಗೆ ಐಎಸ್ಒ 7176 ಎಂಬ ಅಂತರರಾಷ್ಟ್ರೀಯ ಮಾನದಂಡದ 8ನೆಯ ಭಾಗದಲ್ಲಿ ಒಂದು ಪರೀಕ್ಷೆ ಇದೆ. ಪಟ್ಟಿ ಬಿಗಿದ ಎರಡು ಉರುಳೆಗಳ ಮೇಲೆ ಕುರ್ಚಿಯನ್ನು 2 ಲಕ್ಷ ಸುತ್ತು ಓಡಿಸಿ, ನಂತರ 50 ಮಿಲಿಮೀಟರ್ ಎತ್ತರದಿಂದ 6,666 ಸಲ ಬೀಳಿಸುತ್ತಾರೆ. ಇದು ಕಠಿಣವಾದ ಪರೀಕ್ಷೆಯೇ. ಆದರೆ ಆ ಉರುಳೆಯ ಮೇಲೆ ಎರೆಮಣ್ಣು ಇರುವುದಿಲ್ಲ. ಮುಂಗಾರಿನ ಒಂದು ಮಳೆ ಬಿದ್ದರೆ ರಾಯಚೂರು, ಸಿಂಧನೂರಿನ ಎರೆ ಹೊಲದ ದಾರಿಯಲ್ಲಿ ಮುಂದಿನ ಪುಟ್ಟ ಚಕ್ರಕ್ಕೆ ಮಣ್ಣು ಪದರ ಪದರವಾಗಿ ಮೆತ್ತಿ, ಚಕ್ರ ತಿರುಗುವುದು ನಿಂತು ಉಳುಮೆ ಮಾಡಲಾರಂಭಿಸುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಹಿಟ್ಟಿನಂತೆ ಬೇರಿಂಗಿನ ಒಳಹೊಕ್ಕು ಗ್ರೀಸಿನೊಂದಿಗೆ ಸೇರಿ ಅರೆಯುತ್ತದೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಸಮಸ್ಯೆಗಾಗಿಯೇ ತುಕ್ಕು ಮತ್ತು ಸವೆತವನ್ನು ಸೇರಿಸಿ ಮುಂಚಕ್ರದ ಪರೀಕ್ಷೆ ರೂಪಿಸಿದ್ದಾರೆ. ಎರೆಮಣ್ಣಿನ ಲೆಕ್ಕವನ್ನು ಅವರು ಕೊಡಲಾರರು, ನಾವು ಕೊಡಬಹುದು.

ಅದಕ್ಕೆ ಬೇಕಾದ ಮಾಹಿತಿ ಪ್ರಯೋಗಾಲಯದಲ್ಲಿ ಸಿಗುವುದಿಲ್ಲ. ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಯಾರ ಮನೆಯ ಕುರ್ಚಿ ಅಟ್ಟ ಸೇರಿದೆ, ಯಾರ ತ್ರಿಚಕ್ರ ಸೈಕಲ್ಲಿನ ಮೇಲೆ ಈರುಳ್ಳಿ ಒಣಗುತ್ತಿದೆ ಎಂಬುದು ಬಾಯಿಪಾಠ. ಅತ್ಯಲ್ಪ ಗೌರವಧನಕ್ಕೆ ದುಡಿಯುವ, ಬಹುಪಾಲು ತಾವೂ ವಿಕಲಚೇತನರೇ ಆಗಿರುವ ಇವರನ್ನು ಪ್ರಬಂಧದ ಕೊನೆಯಲ್ಲಿ ವಂದಿಸಿ ಮುಗಿಸುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಸಹಲೇಖಕರ ಸಾಲಿನಲ್ಲಿ ಅವರ ಹೆಸರು ಇರಬೇಕು.

ಉಳಿದ ವಿಚಾರಗಳನ್ನು ಚುಟುಕಾಗಿ ಹೇಳುತ್ತೇನೆ. ಮನುಷ್ಯರ ಮೇಲೆ ಸಾಧನ ಪರೀಕ್ಷಿಸುವ ಮೊದಲು ನೈತಿಕ ಸಮಿತಿಯ ಅನುಮತಿ ಕಡ್ಡಾಯ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಅಂಥ ಸಮಿತಿ ಇಲ್ಲದಿದ್ದರೆ ವೈದ್ಯಕೀಯ ಕಾಲೇಜಿನ ಬಾಗಿಲು ತಟ್ಟಬೇಕು, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಹಣಕ್ಕೆ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಇದೆ, ಪದವಿ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರವಿದ್ಯಾ ಮಂಡಳಿಯ ಹಳೆಯ ಯೋಜನೆ ಇದೆ. ನೂರಾರು ಜನರ ಮಾದರಿ ಸಿಗದೆಂದು ಹೆದರಬೇಕಾಗಿಲ್ಲ. ಒಬ್ಬರನ್ನೇ ದೀರ್ಘಕಾಲ, ಸಾಧನದೊಂದಿಗೂ ಸಾಧನವಿಲ್ಲದೆಯೂ ಮತ್ತೆ ಮತ್ತೆ ಅಳೆಯುವ ಅಧ್ಯಯನ ವಿಧಾನಕ್ಕೆ ಈ ಕ್ಷೇತ್ರದಲ್ಲಿ ಮನ್ನಣೆ ಇದೆ. ನೌಕರಿಯೆಂದರೆ, ಹುದ್ದೆಯ ಹೆಸರು ಮೆಕ್ಯಾನಿಕಲ್ ವಿಭಾಗದ ಸಹಾಯಕ ಪ್ರಾಧ್ಯಾಪಕ ಎಂದೇ ಇರುತ್ತದೆ. ಥರ್ಮೋಡೈನಾಮಿಕ್ಸ್ ಪಾಠ ಮಾಡಿ ಉಳಿದ ಹೊತ್ತಿನಲ್ಲಿ ಈ ಕೆಲಸ ಮಾಡಬೇಕು. ಆ ರೈತರಿಗೆ ನಾನು ಹೇಳದೆ ಉಳಿಸಿಕೊಂಡ ಅರ್ಧ ಇದೇ.

ಅವರ ಮಗಳು ಸೇರಿದಂತೆ, ನನ್ನಲ್ಲಿ ಪಿಎಚ್.ಡಿ.ಗೆ ಬರುವವರಿಗೆಲ್ಲ ನಾನು ಒಂದು ಮುರಿದ ಸಾಧನವನ್ನು ತರಲು ಹೇಳುತ್ತೇನೆ, ಅದು ಏಕೆ ಮುರಿಯಿತು ಎಂಬುದನ್ನು ಒಂದು ಪುಟದಲ್ಲಿ ಬರೆದು ತರಬೇಕು. ಕಳೆದ ಸಲ ಕುಷ್ಟಗಿಯ ಕಡೆಯ ಹುಡುಗಿಯೊಬ್ಬಳು ಊರುಗೋಲೊಂದನ್ನು ತಂದಳು. ತುದಿಯ ರಬ್ಬರ್ ಸವೆದು ಹೋಗಿ, ಅದರ ಒಡೆಯರು ಟ್ರ್ಯಾಕ್ಟರ್ ಟ್ಯೂಬಿನ ತುಂಡನ್ನು ಮಡಚಿ ತಂತಿಯಿಂದ ಬಿಗಿದಿದ್ದರು. ಅಂಗಡಿಯ ರಬ್ಬರಿಗಿಂತ ಟ್ಯೂಬು ಡಾಂಬರು ರಸ್ತೆಯಲ್ಲಿ ಹೆಚ್ಚು ದಿನ ಬಾಳಿತು, ಆದರೆ ಬಚ್ಚಲಿನ ಒದ್ದೆಯಾದ ಶಹಾಬಾದ್ ಬಂಡೆಯ ಮೇಲೆ ಎರಡು ಸಲ ಜಾರಿತು ಎಂದು ಅವಳ ಪುಟದಲ್ಲಿತ್ತು. ಮುಂದಿನ ತಿಂಗಳು ಘರ್ಷಣೆಯ ಪರೀಕ್ಷೆ ಆರಂಭವಾಗಲಿದೆ. ಪರೀಕ್ಷೆಗೆ ಬೇಕಾದ ಬಂಡೆಯನ್ನು ಅವಳು ಆ ಮನೆಯ ಹಿತ್ತಲಿನಿಂದಲೇ, ಬಸ್ಸಿನಲ್ಲಿ, ಗೋಣಿಚೀಲದಲ್ಲಿ ಸುತ್ತಿ ತಂದಿದ್ದಾಳೆ.